ಟೊಪ್ಪಿಯ ಮೇಲಿನ ಠ

ಗಲ್ಫಿನಲ್ಲಿ ನಾಲ್ಕು ದೇಶದವರು ಕೂತು ಒಂದೇ ಇಂಗ್ಲಿಷ್ ಮಾತಾಡುತ್ತಾರೆ, ನಾಲ್ಕು ಅರ್ಥ ಮಾಡಿಕೊಳ್ಳುತ್ತಾರೆ. ಆ ನಾಲ್ಕರಲ್ಲಿ ಅತಿ ತಪ್ಪಾದ ಅರ್ಥ ಯಾರದು ಎಂದು ಹುಡುಕಿದರೆ ಬಹುತೇಕ ಸಲ ಅದು ನನ್ನದೇ ಆಗಿರುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ನಾಚಿಕೆಯಿಂದಲೂ ಹೇಳುತ್ತಿಲ್ಲ, ಯಾಕೆಂದರೆ ಎರಡನೆಯ ಸ್ಥಾನಕ್ಕೆ ನಮ್ಮ ಆಫೀಸಿನಲ್ಲಿ ಭಾರಿ ಪೈಪೋಟಿ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ, ಒಂದು ಪರ್ದೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಪೈಪುಗಳ ಬೆಸುಗೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ ಕಾಗದ ಕೊಡುವುದು ಕಂಪನಿಯ ಕೆಲಸ, ಆ ಕಾಗದ ಕಳೆಯದಂತೆ ಇಟ್ಟುಕೊಳ್ಳುವುದು ಮೈಸೂರಿನಿಂದ ಬಂದ ನನ್ನ ಕೆಲಸ. ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ಅದರಲ್ಲಿ ಹೆಂಡತಿಯ ಜೊತೆ ಇದ್ದದ್ದು ಹತ್ತೊಂಬತ್ತು ದಿನ. ಅಲ್ಲಿನ ಲೆಕ್ಕದಲ್ಲಿ ಹೆಂಡತಿ ಊರಲ್ಲಿದ್ದವನೂ ಬ್ಯಾಚಲರ್. ಅವಳನ್ನು ಕರೆಸಿಕೊಳ್ಳಬೇಕಾದರೆ 'ಫ್ಯಾಮಿಲಿ ಸ್ಟೇಟಸ್' ಬೇಕು, ಅದು ಸಿಗಬೇಕಾದರೆ ಒಂದು ಅರ್ಜಿಯ ಮೇಲೆ ನನ್ನ ಮೇಲಧಿಕಾರಿಯ ಶಿಫಾರಸು ಮತ್ತು ಸಹಿ ಬೇಕು. ಅರ್ಜಿ ಅವರ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ಪ್ರತಿ ಗುರುವಾರ ಫೋನಿನಲ್ಲಿ ಹೆಂಡತಿ ಕೇಳುತ್ತಿದ್ದಳು, "ಡ್ರಾಯರಿಂದ ಹೊರಗೆ ಬಂತಾ?"

ಆ ಮೇಲಧಿಕಾರಿಯ ಬಗ್ಗೆಯೇ ಈ ಪ್ರಸಂಗಗಳು.

ಹನ್ನೊಂದು ಮಕ್ಕಳ ತಾಯಿ

ಅವರು ಅಮೆರಿಕದ ದಕ್ಷಿಣದ ಕಡೆಯವರು, ಆರಡಿ ಮೂರಂಗುಲ, ಕಪ್ಪು ಜನ. ಎಲ್ಲರನ್ನೂ 'ಬ್ರದರ್' ಎನ್ನುತ್ತಿದ್ದರು. ಹಾಗಾಗಿ ಬೆನ್ನ ಹಿಂದೆ ನಾವೂ ಅವರನ್ನು ಬ್ರದರ್ ಎಂದೇ ಕರೆಯುತ್ತಿದ್ದೆವು. ಆಫೀಸಿಗೆ ಕಾಲಿಟ್ಟ ದಿನ ಅವರ ತಲೆಯ ಮೇಲೊಂದು ಟೊಪ್ಪಿ, ಟೊಪ್ಪಿಯ ಮೇಲೆ ಮೂರು ಅಕ್ಷರ. ಎರಡು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದು ಸಾಕ್ಷಾತ್ ನಮ್ಮ ಠ.

ಕಪ್ಪು ಅಮೆರಿಕನ್ನರ ಬಗ್ಗೆ ನಮಗೆ ಇದ್ದ ತಿಳುವಳಿಕೆಯೆಲ್ಲ ಬಾಡಿಗೆ ವಿಡಿಯೋ ಕ್ಯಾಸೆಟ್ಟಿನಿಂದ ಬಂದದ್ದು. ಅದರಲ್ಲಿ ಅವರು ಬಾಸ್ಕೆಟ್‌ಬಾಲ್ ಆಡುತ್ತಿದ್ದರು, ಇಲ್ಲವೇ ಹೊಡೆದಾಡುತ್ತಿದ್ದರು. ಮದುವೆ ಜಾಹೀರಾತಿನಲ್ಲಿ 'ಗೋಧಿ ಮೈಬಣ್ಣ' ಎಂದು ಬರೆಸುವ ಜನ ನಾವು. ಅಂಥವರು ಏನು ತಿಳಿದುಕೊಳ್ಳಬಹುದೋ ಅದನ್ನೇ ತಿಳಿದುಕೊಂಡಿದ್ದೆವು.

ಅವರ ಮೇಜಿನ ಮೇಲೆ ಒಂದು ಫೋಟೋ. ಹನ್ನೊಂದು ಯುವಕರು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಸಾಲಾಗಿ ನಿಂತಿದ್ದಾರೆ, ಎಲ್ಲರ ತಲೆ ನುಣ್ಣಗೆ ಬೋಳಿಸಿದೆ, ಎಲ್ಲರ ಬೆರಳೂ ವಿಚಿತ್ರವಾಗಿ ಮಡಚಿದೆ, ಒಬ್ಬನ ಮುಖದಲ್ಲೂ ನಗು ಇಲ್ಲ. ಆಫೀಸು ಎರಡು ಪಂಗಡವಾಯಿತು. ಒಂದು ಪಂಗಡ ಇದು ಗ್ಯಾಂಗು ಎಂದಿತು, ಇನ್ನೊಂದು ಜೈಲು ಎಂದಿತು. ನಾನೊಬ್ಬ ಮಾತ್ರ ನೇರವಾಗಿ ಹೋಗಿ ಕೇಳಿದೆ. ಧೈರ್ಯದಿಂದಲ್ಲ, ಅರ್ಜಿ ನೆನಪಿಸಲು ಒಂದು ನೆಪ ಬೇಕಿತ್ತು.

"ಇವರೆಲ್ಲ ಯಾರು ಸರ್?"

"ನನ್ನ ಲೈನ್ ಬ್ರದರ್ಸ್," ಅಂದರು. ಅವರ ಮುಖ ಬೆಳಗಿತು. "ಹನ್ನೊಂದು ಜನ."

ನನಗೆ ಕೇಳಿಸಿದ್ದು ಬ್ರದರ್ಸ್ ಮಾತ್ರ. ಮೆಚ್ಚಿಸಲು ಇದೇ ಸಮಯ ಎನಿಸಿತು. "ಸರ್, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಹನ್ನೊಂದು ಗಂಡು ಮಕ್ಕಳು, ಅದೂ ಎಲ್ಲರೂ ಒಂದೇ ವಯಸ್ಸಿನವರು, ಸಾಮಾನ್ಯ ವಿಷಯವಲ್ಲ."

ಅವರು ಫೋಟೋವನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ವಿವರಿಸಿದರು. ಅವರ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳೇ ಕಟ್ಟಿಕೊಂಡ ಒಂದು ಬಂಧುಕೂಟವಂತೆ, ಹೆಸರಿಗೆ ಗ್ರೀಕ್ ಅಕ್ಷರಗಳಂತೆ, ಟೊಪ್ಪಿಯ ಮೇಲಿನ ನಮ್ಮ ಠ ಅವರ ಥೀಟಾ ಅಂತೆ. ಒಂದೇ ವರ್ಷ ಸೇರಿದವರು ಒಂದೇ ಲೈನಿನವರಂತೆ. ಒಮ್ಮೆ ಸೇರಿದರೆ ಸಾಯುವವರೆಗೂ ಅಣ್ಣತಮ್ಮಂದಿರಂತೆ. ನಾನು ತಲೆಯಾಡಿಸುತ್ತ ಹೋದೆ.

"ನಮ್ಮಮ್ಮನಿಗೆ ನಾನೊಬ್ಬನೇ ಮಗ," ಎಂದು ಅವರು ಮುಗಿಸಿದರು. "ಉಳಿದ ಹತ್ತು ಜನ ಬರೀ ಊಟಕ್ಕೆ ಬರುತ್ತಿದ್ದರು. ಆದರೆ ನಿನ್ನ ನಮಸ್ಕಾರ ತಿಳಿಸುತ್ತೇನೆ. ಅಡಿಗೆ ಮಾಡಿದ್ದಂತೂ ಹನ್ನೊಂದು ಜನಕ್ಕೇ."

ಸುಡುವ ಮರಳು ದಾಟಿದವರು

ಅಬುಧಾಬಿಯಿಂದ ಮೂರು ಗಂಟೆ ದೂರದ ರುವೈಸಿನ ತೈಲ ಘಟಕದ ಸೈಟಿಗೆ ತಿಂಗಳಿಗೆರಡು ಸಲ ಹೋಗಬೇಕಿತ್ತು. ಅಲ್ಲಿನ ಸ್ಟೋರ್‌ಕೀಪರ್ ಉಳ್ಳಾಲದ ಕಡೆಯ ಬ್ಯಾರಿ, ವಯಸ್ಸಾದವರು, ನಾವು ಕಾಕ ಎನ್ನುತ್ತಿದ್ದೆವು. ಅವರ ಸ್ಟೋರಿನಿಂದ ಒಂದು ಜೊತೆ ಕೈಗವಸು ಬಿಡಿಸಿಕೊಳ್ಳುವುದಕ್ಕೆ ಮೂರು ಸಹಿ ಬೇಕು. ಮೂರೂ ಇದ್ದರೆ ದಿನಾಂಕ ಸರಿಯಿಲ್ಲ ಎನ್ನುತ್ತಿದ್ದರು.

ಒಂದು ಜುಲೈ ಮಧ್ಯಾಹ್ನ ಬ್ರದರ್, ನಾನು, ಕಾಕ ಮೂವರೂ ಸೈಟಿನ ಕ್ಯಾಬಿನ್ನಿನಲ್ಲಿ ಊಟಕ್ಕೆ ಕೂತಿದ್ದೆವು. ಕಾಕ ಮೂವರಿಗೂ ಆಗುವಷ್ಟು ಮೀನು ತಂದಿದ್ದರು. ಮಾತಿಗೆಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು, "ಸರ್, ಈ ಬಿಸಿ ನಿಮಗೆ ತಡೀತದಾ?"

ಬ್ರದರ್ ನಕ್ಕರು. "ಇದೇನು ಬಿಸಿ? ನಾನು ಇಪ್ಪತ್ತನೇ ವಯಸ್ಸಿನಲ್ಲೇ ಸುಡುವ ಮರಳು ದಾಟಿದವನು."

ಬಂಧುಕೂಟಕ್ಕೆ ಸೇರುವ ಕಷ್ಟದ ಪರೀಕ್ಷೆಗೆ ಅವರ ಭಾಷೆಯಲ್ಲಿ ಹಾಗೆ ಹೇಳುತ್ತಾರಂತೆ. ನನಗೆ ಇದು ಆಮೇಲೆ ಗೊತ್ತಾಯಿತು. ಕಾಕನಿಗೆ ಕೊನೆಗೂ ಗೊತ್ತಾಗಲಿಲ್ಲ. ಕಾಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರ ಸ್ವಂತ ಮಾವ ಆ ಕಾಲದಲ್ಲಿ ವೀಸಾ ಇಲ್ಲದೆ ಕಳ್ಳ ಲಾಂಚಿನಲ್ಲಿ ಬಂದು, ಸಮುದ್ರದಲ್ಲೇ ಇಳಿಸಲ್ಪಟ್ಟು, ಈಜಿ ದಡ ಸೇರಿ, ಮೂರು ದಿನ ಮರಳಿನಲ್ಲಿ ನಡೆದವರು. ಆ ಕತೆ ಕೇಳದೆ ಬೆಳೆದವರು ಅವರ ಮನೆಯಲ್ಲಿ ಯಾರೂ ಇಲ್ಲ.

"ಎಷ್ಟು ದಿನ ಸರ್?"

"ಎಂಟು ವಾರ."

ಕಾಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, "ಎಂಟು ವಾರ ಅಂತೆ ಮಾರಾಯ್ರೆ. ನಮ್ಮ ಮಾವಂದು ಎಂತದೂ ಅಲ್ಲ."

"ನೀರು ಇತ್ತಾ?" ಎಂದು ಮತ್ತೆ ಬ್ರದರ್ ಅವರನ್ನು ವಿಚಾರಿಸಿದರು.

"ನೀರಾ? ನಿದ್ದೆಯೇ ಇರಲಿಲ್ಲ. ಹಿರಿಯರು ಹೇಳಿದಂತೆ ನಡೆಯಬೇಕು, ಒಬ್ಬರ ಹಿಂದೆ ಒಬ್ಬರು, ತಲೆ ಬಗ್ಗಿಸಿ. ಮಾತಾಡುವ ಹಾಗಿಲ್ಲ."

"ಎಲ್ಲರೂ ದಾಟಿದ್ರಾ?"

"ಹನ್ನೆರಡು ಜನ ಹೊರಟೆವು. ಒಬ್ಬನಿಗೆ ಆಗಲಿಲ್ಲ, ಮನೆಗೆ ವಾಪಸು ಹೋದ. ಡೀನ್ ಹಿಡಿದುಬಿಟ್ಟರು."

"ಡೀನ್ ಅಂದರೆ ಗಡಿಯ ಪೊಲೀಸಾ?" ಎಂದು ಕಾಕ ನನ್ನನ್ನು ಕೇಳಿದರು. ನಾನು ಹೌದೆಂದೆ. ನನಗೂ ಗೊತ್ತಿರಲಿಲ್ಲ.

ಕಾಕನ ಕಣ್ಣು ಒದ್ದೆಯಾಯಿತು. ನನ್ನ ತಟ್ಟೆಯಲ್ಲಿದ್ದ ದೊಡ್ಡ ಮೀನಿನ ತುಂಡನ್ನು ಎತ್ತಿ ಬ್ರದರ್ ತಟ್ಟೆಗೆ ಹಾಕಿದರು. ಅಂದಿನಿಂದ ಬ್ರದರ್ ಸ್ಟೋರಿಗೆ ಹೋದರೆ ಕೈಗವಸು, ಬೂಟು, ಹೆಲ್ಮೆಟ್ಟು ಕೇಳುವ ಮೊದಲೇ ಎದುರಿಗೆ. ಹೋದಾಗಲೆಲ್ಲ ಕಾಕ ಅವರಿಗೆ ನಾಲ್ಕು ಕನ್ನಡ ಮಾತನ್ನೂ ಕಲಿಸುತ್ತಿದ್ದರು, ತಮ್ಮವರಿಗೆ ತಮ್ಮ ಮಾತು ಬರಬೇಡವೇ ಎಂದು. ನನಗೆ ಮಾತ್ರ ಹಳೆಯ ಮೂರು ಸಹಿ. ಒಂದು ದಿನ ಜಗಳಕ್ಕೇ ನಿಂತೆ.

ಕಾಕ ಶಾಂತವಾಗಿ ಹೇಳಿದರು, "ಬೇಜಾರು ಮಾಡ್ಬೇಡಿ. ಅವರು ಮರಳಲ್ಲಿ ನಡೆದು ಬಂದವರು. ನೀವು ಪ್ಲೇನಲ್ಲಿ ಬಂದವರಲ್ವಾ?"

ದುಬೈಯಿಂದ ಬಂದ ಎಂಟು ಸೊರೊ

ನಮ್ಮ ರಿಸೆಪ್ಷನಿಸ್ಟ್ ಮಂಗಳೂರಿನ ಕೊಂಕಣಿ ಹೆಂಗಸು, ಎಲ್ಲರೂ 'ಬಾಯಿ' ಎನ್ನುತ್ತಿದ್ದೆವು. ಕೊಂಕಣಿಯಲ್ಲಿ 'ಸೊರೊ' ಎಂದರೆ ಶರಾಬು. ಇದು ನೆನಪಿರಲಿ.

ಒಂದು ಗುರುವಾರ ಬ್ರದರ್ ಹೊರಗೆ ಹೋಗಿದ್ದಾಗ ಅವರ ಹೆಂಡತಿಯ ಫೋನು ಬಂತು. ಆಕೆ ಶಾಲೆಯಲ್ಲಿ ಟೀಚರು. ಗಂಡ ಸೇರಿದಂಥದ್ದೇ ಒಂದು ಹೆಂಗಸರ ಕೂಟಕ್ಕೆ ಆಕೆಯೂ ಸೇರಿದವರು, ಆ ಕೂಟದ ಹೆಂಗಸರು ಒಬ್ಬರನ್ನೊಬ್ಬರು 'ಸೊರೋರ್' ಎನ್ನುತ್ತಾರಂತೆ, ಸಹೋದರಿ ಎಂಬ ಅರ್ಥದಲ್ಲಿ. ನಮ್ಮ ಬಾಯಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಫೋನ್ ಇಟ್ಟವರೇ ಸೀದಾ ನನ್ನ ಮೇಜಿಗೆ ಬಂದರು.

"ಎಂಟು ಸೊರೊ ಬರ್ತಾ ಉಂಟಂತೆ. ದುಬೈಯಿಂದ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ. ಬಾಕ್ಸ್ ಎಲ್ಲ ಹೊರಗೆ ತೆಗೆದಿಡ್ಲಿಕ್ಕೆ ಹೇಳಿದ್ರು."

"ಎಂಟು ಬಾಟ್ಲೋ, ಎಂಟು ಬಾಕ್ಸೋ?"

"ಅದು ನಾನು ಕೇಳ್ಲಿಲ್ಲ. ಮರ್ಯಾದೆ ಉಂಟಲ್ಲ."

ಕ್ಯಾಸೆಟ್ಟಿನಲ್ಲಿ ಕಾಲೇಜು ಕೂಟಗಳೆಂದರೆ ಕುಡಿತ, ಕುಣಿತ, ಸೋಫಾ ಮುರಿಯುವುದು. ನಮಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಫ್ಲಾಟಿನ ನಾಲ್ವರು ಬ್ಯಾಚಲರುಗಳು ಸ್ನಾನ ಮಾಡಿ, ಸೆಂಟು ಹಾಕಿಕೊಂಡು, 'ಈ ಕಡೆ ಬಂದಿದ್ದೆವು' ಎಂಬ ಮುಖ ಹೊತ್ತು ಬ್ರದರ್ ಮನೆಯ ಬೆಲ್ ಒತ್ತಿದೆವು. ಕೈಯಲ್ಲಿ ಎರಡು ಪೊಟ್ಟಣ ಖಾರದ ಕಡಲೆ. ನನ್ನ ರೂಮಿನ ಜೊತೆಗಾರರಾದ ಉಡುಪಿಯ ಆಚಾರ್ಯರೂ ಬಂದಿದ್ದರು. ನಮ್ಮ ಆಫೀಸಿನಲ್ಲೇ ನಕ್ಷೆ ಬರೆಯುವ ಕೆಲಸದವರು, ಈರುಳ್ಳಿಯನ್ನೂ ಮುಟ್ಟದ ಮಾಧ್ವರು. ಕುಡಿಯಲಿಕ್ಕಲ್ಲ, ಬರೀ ನೋಡಲಿಕ್ಕೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಬಾಗಿಲು ತೆರೆಯಿತು. ಒಳಗೆ ಎಂಟು ಜನ ಹೆಂಗಸರು. ಎಲ್ಲರದೂ ಅರಿಶಿನ ಬಣ್ಣದ ಉಡುಪು, ಕೆಲವರ ತಲೆಯ ಮೇಲೆ ಅದೇ ಬಣ್ಣದ ಹ್ಯಾಟು. ನರ್ಸುಗಳು, ಟೀಚರುಗಳು, ಒಬ್ಬರು ವಕೀಲೆ. ಕೈಕೈ ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು. ಆಚಾರ್ಯರು ನನ್ನ ಕಿವಿಯಲ್ಲಿ "ಇದು ಭಜನಾ ಮಂಡಳಿ ಮಾರಾಯ್ರೆ" ಅಂದರು.

ಬ್ರದರ್ ಹೆಂಡತಿಗೆ ಸಂತೋಷ ತಡೆಯಲಾಗಲಿಲ್ಲ. "ಸಹಾಯಕ್ಕೆ ತಾವಾಗಿ ಬಂದಿದ್ದೀರಿ. ನಾವೆಂದರೆ ಬಣ್ಣದ ಬಟ್ಟೆ ತೊಟ್ಟು ಕುಣಿಯುವವರು ಅಂತ ಎಲ್ಲರೂ ತಿಳಿದಿದ್ದಾರೆ. ನಿಮಗಾದರೂ ನಮ್ಮ ಕೆಲಸ ಗೊತ್ತಲ್ಲ."

ಲೇಬರ್ ಕ್ಯಾಂಪಿನವರಿಗೆ ಸೋಪು, ಟೂತ್‌ಪೇಸ್ಟು, ಟವೆಲ್ಲು, ತಲೆನೋವಿನ ಮಾತ್ರೆ ಚೀಲಕ್ಕೆ ತುಂಬುವ ಕೆಲಸ. ಬಾಕ್ಸುಗಳು ಅದಕ್ಕೆ. ಮಧ್ಯಾಹ್ನ ಮೂರರವರೆಗೆ ನೆಲದ ಮೇಲೆ ಕೂರಿಸಿ ನಮ್ಮ ಕೈಯಲ್ಲಿ ತುಂಬಿಸಿದರು. ಸೋಪು ಬಲಕ್ಕಿಟ್ಟರೆ ಬಿಚ್ಚಿಸಿ ಎಡಕ್ಕೆ ಇಡಿಸಿದರು. ನಮ್ಮ ಖಾರದ ಕಡಲೆಯನ್ನೂ ಥ್ಯಾಂಕ್ಯೂ ಹೇಳಿ ಚೀಲಕ್ಕೆ ಹಾಕಿದರು.

ಶನಿವಾರ ಬಾಯಿ ಪಿಸುಗುಟ್ಟುತ್ತ ಆಚಾರ್ಯರನ್ನು ಕೇಳಿದರು, "ಹೇಗಿತ್ತು ಸೊರೊ?"

ಆಚಾರ್ಯರು ಗೋಡೆ ಹಿಡಿದು ಮೆಲ್ಲನೆ ಕೂತರು. "ಬಾರೀ ಸ್ಟ್ರಾಂಗ್. ಇನ್ನೂ ಸೊಂಟ ಎತ್ತಲಿಕ್ಕೆ ಆಗುದಿಲ್ಲ."

ನಮ್ಮವರೇ

ಕನ್ನಡ ಸಂಘದ ಕಾರ್ಯದರ್ಶಿಗೆ ಹೇಗೋ ಸುದ್ದಿ ತಲುಪಿತು, ಇಂಥವರು ಕಾಲು ಬಡಿದು, ಚಪ್ಪಾಳೆ ತಟ್ಟಿ, ಸಾಲಾಗಿ ಅದ್ಭುತವಾಗಿ ಕುಣಿಯುತ್ತಾರೆ ಎಂದು. ರಾಜ್ಯೋತ್ಸವಕ್ಕೆ ಒಂದು ಐಟಂ ಬೇಕೇ ಬೇಕು ಎಂದು ನನ್ನ ಬೆನ್ನು ಹತ್ತಿದರು. ನನ್ನ ಅರ್ಜಿ ಡ್ರಾಯರಿನಲ್ಲಿರುವಾಗ ಅದರ ಒಡೆಯರನ್ನು ಕುಣಿಯಿರಿ ಎಂದು ಹೇಗೆ ಕೇಳಲಿ? ಮುಖ್ಯ ಅತಿಥಿಯಾಗಿ ಬನ್ನಿ ಎಂದೆ. ಕಾರ್ಯದರ್ಶಿಗೆ ಕುಣಿತವೆಂದೆ. ಇಬ್ಬರಿಗೂ ಅರ್ಧರ್ಧ ಸತ್ಯ ಹೇಳಿದ ಮೇಲೆ ಒಟ್ಟು ಒಂದು ಸತ್ಯ ಹೇಳಿದ ಸಮಾಧಾನ ನನಗಿತ್ತು.

ಅಂದು ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳು ಮುಂದಿನ ಸಾಲಿನಲ್ಲಿ. ಬ್ರದರ್ ಸೂಟು ತೊಟ್ಟು ಬಂದರು, ಮೈಕು ಹಿಡಿದರು, ಜೇಬಿನಿಂದ ಕಾಗದ ತೆಗೆದರು. ತಮ್ಮ ಬಂಧುಕೂಟದ ಸ್ಥಾಪನೆಯಿಂದ ಶುರುಮಾಡಿದರು. ಸ್ಥಾಪಕರು ಎಷ್ಟು ಕಷ್ಟಪಟ್ಟರು, ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟರು, ಜನರನ್ನು ಮತದಾರರ ಪಟ್ಟಿಗೆ ಹೇಗೆ ಸೇರಿಸಿದರು, ಇಂದಿನ ಹುಡುಗರಿಗೆ ಸೇವಾಭಾವ ಹೇಗೆ ಕಡಿಮೆಯಾಗಿದೆ, ವಾರ್ಷಿಕ ಸಭೆಗೆ ಹೇಗೆ ಯಾರೂ ಸಮಯಕ್ಕೆ ಬರುವುದಿಲ್ಲ. ಐವತ್ತು ನಿಮಿಷ. ಕಾರ್ಯದರ್ಶಿ ಎರಡು ಸಲ ಚೀಟಿ ಕಳಿಸಿದರು. ಬ್ರದರ್ ಚೀಟಿ ಓದಿ, ಮಡಚಿ ಜೇಬಿಗಿಟ್ಟುಕೊಂಡು, 'ಕೊನೆಯದಾಗಿ ಒಂದು ಮಾತು' ಎಂದು ಇನ್ನೊಂದು ಹಾಳೆ ತೆಗೆದರು.

ಹಿಂದಿನ ಸಾಲಿನಲ್ಲಿ ನಿದ್ದೆಯಿಂದ ಎದ್ದ ಸಂಘದ ಮಾಜಿ ಅಧ್ಯಕ್ಷರು ವೇದಿಕೆಯನ್ನು ಗಮನವಿಟ್ಟು ನೋಡಿ ಹೇಳಿದರು, "ಇವರನ್ನ ಯಾಕ್ರೀ ಬೇರೆಯವರು ಅಂದಿದ್ದು? ಇವರು ಪಕ್ಕಾ ಸಂಘದವರೇ."

ಯಾವ ಮಠ?

ಆ ಭಾಷಣದಿಂದ ಬ್ರದರ್ ಎಷ್ಟು ಖುಷಿಯಾದರೆಂದರೆ ಮರುವಾರ ನನ್ನನ್ನು ಕರೆದು, ಡ್ರಾಯರ್ ಎಳೆದು, ಅರ್ಜಿಯನ್ನು ಮೇಜಿನ ಮೇಲಿಟ್ಟರು. ಪೆನ್ನಿನ ಮುಚ್ಚಳ ತೆಗೆದರು. ಆ ದಿನವೇ ಏಸಿ ಕೆಟ್ಟಿತ್ತು. ಸೆಕೆಗೆ ಅವರು ಅಂಗಿಯ ತೋಳನ್ನು ಭುಜದವರೆಗೆ ಮಡಚಿದ್ದರು. ಅದೇ ಹೊತ್ತಿಗೆ ಆಚಾರ್ಯರು ನಕ್ಷೆ ಹಿಡಿದು ಒಳಗೆ ಬಂದರು.

ತೋಳಿನ ಮೇಲೆ ಒಂದು ಠ. ಹಚ್ಚೆಯಲ್ಲ. ಕಬ್ಬಿಣ ಕಾಯಿಸಿ ಒತ್ತಿದ ಬರೆ, ಉಬ್ಬಿ ನಿಂತಿತ್ತು.

ಆಚಾರ್ಯರ ಕೈಯಿಂದ ನಕ್ಷೆ ಜಾರಿತು. ಉಡುಪಿಯ ಮಾಧ್ವರಿಗೆ ಕಾಯಿಸಿದ ಮುದ್ರೆ ಒತ್ತಿಸಿಕೊಳ್ಳುವುದೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಆಷಾಢದ ಏಕಾದಶಿಗೆ ಸ್ವಾಮಿಗಳ ಮುಂದೆ ಸಾಲು ನಿಂತು ತೋಳಿಗೆ ಶಂಖ ಚಕ್ರ ಒತ್ತಿಸಿಕೊಂಡು ಬರುವವರು ಅವರು. ಅಮೆರಿಕದಲ್ಲೂ ಮಠವಿದೆ ಎಂಬ ಆನಂದದಲ್ಲಿ, ನಾವೆಲ್ಲ ಮಠವನ್ನು ಇಂಗ್ಲಿಷಿನಲ್ಲಿ ಹೇಳುವ ಹಾಗೆಯೇ ಕೇಳಿದರು, "ಸರ್, ವಿಚ್ ಮಟ್?"

ಬ್ರದರ್ ಪೆನ್ನು ನಿಂತಿತು. ಮುಚ್ಚಳ ಹಾಕಿದರು. ಅರ್ಜಿ ಡ್ರಾಯರಿಗೆ ಹೋಯಿತು. ಡ್ರಾಯರಿಗೆ ಬೀಗವೂ ಇದೆ ಎಂದು ನನಗೆ ಅಂದು ಗೊತ್ತಾಯಿತು.

ಒಂದು ವಾರ ಅವರ ಬಾಯಲ್ಲಿ ಬ್ರದರ್ ಇಲ್ಲ, ಬರೀ ಮಿಸ್ಟರ್. ಏನಾಯಿತೆಂದು ತಿಳಿಯದೆ ನಾನು ನಿಘಂಟು ತೆಗೆದು ನೋಡಿದೆ. ಅಮೆರಿಕದವರ ಇಂಗ್ಲಿಷಿನಲ್ಲಿ ಮಟ್ ಎಂದರೆ ಬೆರಕೆ ಬೀದಿನಾಯಿ. ಅವರಿಗೆ ಕೇಳಿಸಿದ್ದು, 'ಇದನ್ನು ಹಾಕಿದ ನಾಯಿ ಯಾವುದು?' ಗುರುವಾರ ಹೆಂಡತಿಗೆ ಇದನ್ನು ವಿವರಿಸಲು ಹೋದೆ. ಅವಳು "ಮಠಕ್ಕೂ ನನ್ನ ವೀಸಾಕ್ಕೂ ಏನು ಸಂಬಂಧ?" ಎಂದು ಕೇಳಿ ಅತ್ತಳು. ನನಗೂ ಅಳು ಬಂತು. ಹತ್ತೊಂಬತ್ತು ದಿನದ ಸಂಸಾರ ಒಂದು ಅಕ್ಷರಕ್ಕೆ ಸಿಕ್ಕಿಹಾಕಿಕೊಂಡಿತ್ತು.

ಆಚಾರ್ಯರಿಗೆ ಹೇಳಿದೆ. ಅವರು ಬಿಳಿಚಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಬ್ರದರ್ ಕೋಣೆಗೆ ಹೋಗಿ, ಅಂಗಿಯ ಗುಂಡಿ ಬಿಚ್ಚಲು ತೊಡಗಿದರು. ಬ್ರದರ್ ಎದ್ದು ನಿಂತರು. ನಾನು ಮಧ್ಯೆ ಬಂದೆ. ಆಚಾರ್ಯರು ಎರಡೂ ತೋಳು ತೋರಿಸಿದರು. ಬಲಕ್ಕೆ ಚಕ್ರ, ಎಡಕ್ಕೆ ಶಂಖ. ಸಾಮಾನ್ಯವಾಗಿ ಮಾಸಿಹೋಗುತ್ತದೆ, ಒಂದು ವರ್ಷ ಮುದ್ರೆ ಹೆಚ್ಚು ಕಾದಿದ್ದರಿಂದ ಇವರದು ಉಳಿದುಕೊಂಡಿತ್ತು.

"ಮಟ್ ಅಂದರೆ ನಾಯಿ ಅಲ್ಲ ಸರ್. ಗುರುಗಳ ಮನೆ," ಅಂದರು.

ಬ್ರದರ್ ಆ ತೋಳುಗಳನ್ನು ಹತ್ತಿರದಿಂದ ನೋಡಿದರು. ತಮ್ಮ ಅಂಗಿಯ ತೋಳನ್ನೂ ಮೇಲೆ ಸರಿಸಿದರು. ಆಮೇಲೆ ಮೆಲ್ಲನೆ ಹೇಳಿದರು, "ಇದನ್ನು ನೋಡಿದವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ, ದನಕ್ಕೆ ಹಾಕಿದ ಹಾಗೆ ಹಾಕಿಸಿಕೊಂಡೆಯಾ ಅಂತ. ಗುಲಾಮನಾಗಿದ್ದ ನನ್ನ ಮುತ್ತಜ್ಜನ ಅಪ್ಪನಿಗೆ ಬೇರೆಯವರು ಹಾಗೆಯೇ ಹಾಕಿದ್ದರು. ಇದು ನಾನು ಇಷ್ಟಪಟ್ಟು, ನನ್ನವರ ಕೈಯಿಂದ ಹಾಕಿಸಿಕೊಂಡದ್ದು. ಅದನ್ನು ಯಾರಿಗೂ ಅರ್ಥ ಮಾಡಿಸಲಾಗಲಿಲ್ಲ."

ಆ ಫೋಟೋ ನೋಡಿ ಜೈಲು, ಗ್ಯಾಂಗು ಎಂದವರಲ್ಲಿ ನಾನೂ ಮನಸ್ಸಿನಲ್ಲಿ ಒಬ್ಬನಾಗಿದ್ದೆ.

"ನಿನಗೆ ಎಷ್ಟನೆಯ ವಯಸ್ಸಿನಲ್ಲಿ?" ಎಂದು ಅವರು ಆಚಾರ್ಯರನ್ನು ಕೇಳಿದರು.

"ಏಳು. ಆಮೇಲೆ ಊರಲ್ಲಿದ್ದಾಗೆಲ್ಲ ಪ್ರತಿ ವರ್ಷ."

"ಪ್ರತಿ ವರ್ಷ?"

"ಪ್ರತಿ ವರ್ಷ. ನನ್ನ ಅಮ್ಮನೂ ಹಾಕಿಸಿಕೊಳ್ತಾರೆ. ಅವರಿಗೆ ಎಪ್ಪತ್ತಾಯ್ತು."

ಆರಡಿ ಮೂರಂಗುಲದ ಮನುಷ್ಯ ಕುರ್ಚಿಯಲ್ಲಿ ಕುಸಿದರು. "ನನಗೆ ಒಂದೇ ಸಲ ಹಾಕಿದ್ದು. ಮೂರು ದಿನ ಅಮ್ಮಾ ಅಂತ ಕಿರುಚಿದ್ದೆ," ಎಂದರು. "ನೀನು ಅಮ್ಮನನ್ನೇ ಜೊತೆಗೆ ಕರೆದುಕೊಂಡು ಹೋಗ್ತೀಯಾ?"

ಸಂಬಂಧ

ಸಹಿ ಬಿತ್ತು. ಆದರೆ ಅರ್ಜಿಯಲ್ಲಿ 'ಶಿಫಾರಸು ಮಾಡುವವರಿಗೂ ಅರ್ಜಿದಾರನಿಗೂ ಇರುವ ಸಂಬಂಧ' ಎಂಬ ಒಂದು ಕಾಲಮ್ಮು ಇತ್ತು. ಮೇಲಧಿಕಾರಿ ಎಂದು ಬರೆಯಬೇಕಾದಲ್ಲಿ ಅವರು ದೊಡ್ಡ ಅಕ್ಷರದಲ್ಲಿ 'ಬ್ರದರ್' ಎಂದು ಬರೆದಿದ್ದರು. ನಾನು ನೋಡಿದ್ದು ವೀಸಾ ಕಚೇರಿಯ ಕೌಂಟರಿನಲ್ಲಿ.

ಕೌಂಟರಿನ ಅಧಿಕಾರಿ ಅರ್ಜಿ ನೋಡಿದರು, ನನ್ನನ್ನು ನೋಡಿದರು, ಜೊತೆಗೆ ಬಂದಿದ್ದ ಬ್ರದರ್ ಅವರನ್ನು ತಲೆ ಎತ್ತಿ ನೋಡಿದರು.

"ಒಬ್ಬನೇ ತಂದೆಯಾ?"

"ಅಲ್ಲ," ಅಂದರು ಬ್ರದರ್.

"ಒಬ್ಬಳೇ ತಾಯಿಯಾ?"

"ಅಲ್ಲ."

"ಮತ್ತೆ ಬ್ರದರ್ ಹೇಗೆ?"

ಈ ಪ್ರಶ್ನೆ ಕೇಳಬಾರದಿತ್ತು. ಬ್ರದರ್ ಕೌಂಟರಿಗೆ ಮೊಣಕೈ ಊರಿ, ಬಂಧುಕೂಟದ ಸ್ಥಾಪನೆಯಿಂದ ಶುರುಮಾಡಿದರು. ಸ್ಥಾಪಕರ ಕಷ್ಟ ಬಂತು. ವಿದ್ಯಾರ್ಥಿವೇತನ ಬಂತು. ನಮ್ಮ ಹಿಂದಿನ ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿಯಿತು. ಮತದಾರರ ಪಟ್ಟಿಗೆ ಬರುವಷ್ಟರಲ್ಲಿ ಅಧಿಕಾರಿ "ಖಲಾಸ್, ಖಲಾಸ್" ಎನ್ನುತ್ತ ಠಸ್ಸೆ ಎತ್ತಿ ಬಡಿದರು. ಆತುರದಲ್ಲಿ ಅರ್ಧ ಕಾಗದದ ಮೇಲೆ, ಇನ್ನರ್ಧ ಕಾಗದ ಹಿಡಿದಿದ್ದ ನನ್ನ ಕೈಯ ಮೇಲೆ ಬಿತ್ತು.

ಎರಡು ದಿನ ಆ ಕೈ ತೊಳೆಯಲಿಲ್ಲ. ಆಚಾರ್ಯರು ಊಟಕ್ಕೆ ಕೂತಾಗ ಅದನ್ನು ನೋಡಿ ಗಂಭೀರವಾಗಿ ಕೇಳಿದರು, "ಯಾವ ಮಠ?"

ಬ್ರದರ್ ಬರುತ್ತಾರೆ

ಹೆಂಡತಿ ಬರುವ ದಿನ ನಿಗದಿಯಾಯಿತು. ಅದೇ ವಾರ ರುವೈಸಿನಲ್ಲಿ ಘಟಕ ನಿಲ್ಲಿಸಿ ರಿಪೇರಿ ಶುರುವಾಯಿತು, ಆಫೀಸು ನೋಡಿಕೊಳ್ಳಲು ಅಬುಧಾಬಿಯಲ್ಲೇ ಉಳಿದ ಬ್ರದರ್ ಬಿಟ್ಟು ಎಲ್ಲರೂ ಅಲ್ಲಿ, ಯಾರಿಗೂ ರಜೆ ಇಲ್ಲ. ನಾನು ಕಾಕನ ಸ್ಟೋರಿನ ಫೋನಿನಿಂದ ಮೈಸೂರಿಗೆ ಕರೆ ಮಾಡಿದೆ. ಅಲ್ಲಿ ಅವಳೂ ಪಕ್ಕದ ಮನೆಯ ಫೋನಿಗೆ ಬಂದಿದ್ದಳು. ಲೈನು ಕೊರ ಕೊರ ಎನ್ನುತ್ತಿತ್ತು.

"ನಾನು ಏರ್‌ಪೋರ್ಟಿಗೆ ಬರಕ್ಕಾಗಲ್ಲ. ಬ್ರದರ್ ಬರ್ತಾರೆ. ಹೆದರ್ಕೋಬೇಡ."

"ಯಾರು ಬ್ರದರ್? ನಿಮ್ಮಣ್ಣ ನಂಜನಗೂಡಲ್ಲಿದಾರಲ್ಲ."

"ಆ ಬ್ರದರ್ ಅಲ್ಲ. ಆಫೀಸಿನ ಬ್ರದರ್."

"ಗುರುತು ಹೇಗ್ರೀ ಹಿಡೀಲಿ?"

ಇಲ್ಲಿ ನಾನು ತಡವರಿಸಿದೆ. ಕಪ್ಪಗಿದ್ದಾರೆ ಎಂದು ಹೇಳಲು ಬಾಯಿ ಬರಲಿಲ್ಲ. ಆರಡಿಯ ಅಮೆರಿಕದವರು ಎಂದರೆ ಹೆದರಿ ವಿಮಾನ ಹತ್ತದಿದ್ದರೆ? ಅವಳು ಮೈಸೂರು ಬಿಟ್ಟು ಬೆಂಗಳೂರಿಗೂ ಒಬ್ಬಳೇ ಹೋದವಳಲ್ಲ. "ಟೊಪ್ಪಿ ಮೇಲೆ ಠ ಅಂತ ಇರುತ್ತೆ," ಎಂದುಬಿಟ್ಟೆ. ಲೈನು ಕಟ್ಟಾಯಿತು.

ಅವಳು ಬಂದಿಳಿಯುವ ದಿನವಿಡೀ ನನಗೆ ಕೆಲಸ ಕೈಹತ್ತಲಿಲ್ಲ. ಹನ್ನೊಂದು ತಿಂಗಳಾಗಿದ್ದದ್ದು ಈಗ ಹದಿನಾರಾಗಿತ್ತು. ಹೊಸ ದೇಶ, ಹೊಸ ಭಾಷೆ, ಎದುರಿಗೆ ಗೊತ್ತಿಲ್ಲದ ಆಜಾನುಬಾಹು. ಅವಳು ಕಿರುಚಿಕೊಂಡರೆ? ಪೊಲೀಸರನ್ನು ಕರೆದರೆ? ಬ್ರದರ್‌ಗೆ ಮತ್ತೊಮ್ಮೆ ನಾವು ಅಂಥ ಗಾಯ ಮಾಡಿದರೆ ಅವರಿಗೆ ಯಾವ ಮುಖ ತೋರಿಸಲಿ? ಕಾಕ ಮೂರು ಸಲ ಚಹಾ ಕೊಟ್ಟರು. ಯಾವುದಕ್ಕೂ ಸಹಿ ಕೇಳಲಿಲ್ಲ, ಅಷ್ಟು ಕೆಟ್ಟದಾಗಿತ್ತು ನನ್ನ ಮುಖ.

ಎರಡು ದಿನದ ಮೇಲೆ ಬಿಡುವು ಸಿಕ್ಕಿತು. ಅಬುಧಾಬಿಗೆ ಓಡಿದೆ. ಹೆಂಡತಿ ಬ್ರದರ್ ಮನೆಯಲ್ಲಿ, ಅರಿಶಿನ ಬಣ್ಣದ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಅವರ ಹೆಂಡತಿಗೆ ಒಗ್ಗರಣೆ ಹೇಳಿಕೊಡುತ್ತಿದ್ದಳು. ನನ್ನನ್ನು ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡಳು. ನನಗೂ ಅಷ್ಟೇ. ಅದಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಮೆಲ್ಲನೆ ಕೇಳಿದೆ.

"ಏರ್‌ಪೋರ್ಟಲ್ಲಿ ಹೆದರಿದೆಯಾ?"

"ಯಾಕೆ ಹೆದರ್ಲಿ? ಎಲ್ಲರೂ ಇಂಗ್ಲಿಷ್ ಬೋರ್ಡ್ ಹಿಡ್ಕೊಂಡಿದ್ರು. ಒಬ್ಬರ ಟೊಪ್ಪಿ ಮೇಲೆ ಮಾತ್ರ ಠ ಇತ್ತು. ಸದ್ಯ, ಕನ್ನಡದವರು ಅಂತ ಸೀದಾ ಹೋದೆ."

"ಮತ್ತೆ ಅವರನ್ನ ನೋಡಿ..."

"ನೋಡಿ ಏನು? ನಮಸ್ಕಾರ ಅಂದ್ರು. 'ನಿಮ್ಮ ಯಜಮಾನ್ರು ರುವೈಸಲ್ಲಿ ಉಂಟು, ಬೇಜಾರು ಮಾಡ್ಬೇಡಿ ಮಾರಾಯ್ರೆ' ಅಂದ್ರು. ಎಷ್ಟು ಒಳ್ಳೆಯವರು ಕಣ್ರೀ."

ಅದು ಕಾಕನ ಸ್ಟೋರಿನ ಕನ್ನಡ. ಅವಳು ಹೊರಗೆ ಕೂತಿದ್ದ ಬ್ರದರ್ ಕಡೆ ಒಮ್ಮೆ ಇಣುಕಿ, ಅವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಆದ್ರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮಂಗಳೂರಿನವರ ಕನ್ನಡ ಅರ್ಥ ಆಗೋದು ಸ್ವಲ್ಪ ಕಷ್ಟ."